ಅಡ್ಡಿಲ್ಲೆ

"ಹ್ವಾಯ್, ಕುಂಡಿ ಎತ್ತಿ ಕಾಂಬ. ಕೂಕಂಡ್ ಕೂಕಂಡ್ ಒಬ್ಬೊಬ್ರ್ ಕುಂಡಿ ಅಕ್ಕಿಮುಡಿ ಆಯಿತ್ತ್."

ಮಿಥುನ್ ಹೀಗೆ ಹೇಳಿದಾಗ ನಾವು ಹೆಂಗಸರು ಮಣೆಯ ಮೇಲೆ ಕೂತು ಗೇರುಬೀಜದ ಸಿಪ್ಪೆ ತೆಗೆಯುತ್ತಿದ್ದೆವು. ಕೋಟದ ಹೈವೇಯಿಂದ ಸ್ವಲ್ಪ ಒಳಗಿರುವ ಕಾರ್ಖಾನೆ ಅದು. ಮಿಥುನ್ ಅಲ್ಲಿ ಮ್ಯಾನೇಜರ್, ಧಣಿ ಉಮಾನಾಥರ ತಂಗಿಯ ಮಗ, ನನ್ನ ಮಗನ ಪ್ರಾಯದವನು. ಅವನ ಪಕ್ಕದಲ್ಲಿ ಬಿಳಿ ಶೂ ಹಾಕಿಕೊಂಡ ಹುಡುಗಿಯೊಬ್ಬಳು ನಿಂತಿದ್ದಳು. ಶರಣ್ಯಾ ಅಂತೆ, ಮೈಸೂರು ಕಡೆಯವಳಂತೆ. ಇನ್ನು ಮುಂದೆ ನಮ್ಮೆಲ್ಲರ ಆರೋಗ್ಯ ಈ ಮೇಡಮ್ಮಿನ ಜವಾಬ್ದಾರಿ ಎಂದ ಮಿಥುನ್. ಇಷ್ಟು ವರ್ಷ ಅದು ಯಾರ ಜವಾಬ್ದಾರಿಯಾಗಿತ್ತೋ, ಯಾರೂ ನಮಗೆ ಹೇಳಿರಲಿಲ್ಲ.

ಅವತ್ತು ಎಲ್ಲರಿಗೂ ಬಿಸಿ ಬಿಸಿ ರಾಗಿ ಮಾಲ್ಟು ಕೊಟ್ಟರು. ನೀರು ಕುಡಿಯಲು ಎದ್ದರೂ ಹಲ್ಲು ಕಡಿಯುವವರು ಬೆಲ್ಲ ಏಲಕ್ಕಿ ಹಾಕಿ ಲೋಟ ಕೈಗೆ ಕೊಟ್ಟರೆ ಯಾರಿಗೆ ಅನುಮಾನ ಬರುವುದಿಲ್ಲ? ನನ್ನ ಪಕ್ಕದ ಪದ್ದು ಮೂಸಿ ನೋಡಿ ಲೋಟ ಕೆಳಗಿಟ್ಟಳು.

"ಎಂತ ಮಾರಾಯ್ತಿ, ಕುಡೂದಿಲ್ಯಾ?" ಅಂದೆ.

"ಎಂತ ಹಾಕಿರೋ ಯಾರಿಗ್ ಗೊತ್ತ್. ಮುಟ್ಟ್ ನಿಲ್ಲುಕೆ ಮದ್ದ್ ಹಾಕಿರೆ? ತಿಂಗ್ಳ್ ತಿಂಗ್ಳ್ ಹೊಟ್ಟೆನೋವ್ ಅಂದೇಳಿ ರಜೆ ಕೇಂತೊ ಅಲ್ದಾ ನಾವ್."

"ನಂಗ್ ನಿಂತ್ ಯಾವ್ ಕಾಲ ಆಯ್ತ್, ಹೆಣೆ. ಇತ್ಲಾಗ್ ಕೊಡ್," ಎಂದು ಬೆಳ್ಳಕ್ಕ ತನ್ನ ಲೋಟವನ್ನೂ ಪದ್ದುವಿನ ಲೋಟವನ್ನೂ ಖಾಲಿ ಮಾಡಿದಳು. ನಾವು ನಕ್ಕೆವು. ಮಿಥುನ್ ಅದನ್ನೂ ಮೊಬೈಲಿನಲ್ಲಿ ಫೋಟೋ ಹಿಡಿದ.

ಬೆಳ್ಳಕ್ಕ ನಮ್ಮಲ್ಲಿ ಎಲ್ಲರಿಗಿಂತ ಹಿರಿಯಳು. ಮೊದಲು ಅವಳು ಬೀಜ ಒಡೆಯುವ ಕಟ್ಟಿಂಗಿನಲ್ಲಿದ್ದಳು. ಅಲ್ಲಿ ದಿನವಿಡೀ ನಿಂತು ಕಾಲಲ್ಲಿ ಪೆಡಲ್ ಒತ್ತಬೇಕು, ಕೈಯಲ್ಲಿ ಬೀಜ ಕೊಡಬೇಕು. ಹಾಗೆ ಒತ್ತಿ ಒತ್ತಿ ಅವಳ ಬಲಗಾಲಿನ ನರವೆಲ್ಲ ಎರೆಹುಳದ ಹಾಗೆ ಉಬ್ಬಿ ಗಂಟು ಕಟ್ಟಿತ್ತು. ಹಿಮ್ಮಡಿಯ ಮೇಲೊಂದು ಹುಣ್ಣು, ಮಾಯಿತು ಅನ್ನುವಷ್ಟರಲ್ಲಿ ಮತ್ತೆ ಒಡೆಯುತ್ತಿತ್ತು. ಸಿಪ್ಪೆಯ ಕೆಲಸಕ್ಕೆ ಬಂದ ಮೇಲೆ ಮಣೆಯ ಮೇಲೆ ಕೂತು, ಆ ಕಾಲನ್ನು ಮಗುಚಿಟ್ಟ ಡಬ್ಬಿಯ ಮೇಲೆ ಚಾಚಿಕೊಂಡು ಹೇಗೋ ದಿನ ದೂಡುತ್ತಿದ್ದಳು. ಗಂಡ ಸತ್ತಿದ್ದ, ಮಕ್ಕಳಿರಲಿಲ್ಲ. ಕೂತು ಮಾಡುವ ಆ ಕೆಲಸವೊಂದೇ ಅವಳ ಗಂಜಿ.

ಮರುದಿನ ಶರಣ್ಯಾ ಒಬ್ಬೊಬ್ಬರನ್ನೇ ಕರೆದು ತೂಕ ನೋಡಿದಳು, ತೋಳಿಗೆ ಪಟ್ಟಿ ಸುತ್ತಿ ಬಿಪಿ ನೋಡಿದಳು.

"ಕಾಲು ಹೇಗಿದೆ ಅಮ್ಮ?"

"ಅಡ್ಡಿಲ್ಲೆ," ಎಂದಳು ಬೆಳ್ಳಕ್ಕ.

"ನಿಂತುಕೊಂಡು ಕೆಲಸ ಮಾಡಿದ್ರೆ?"

"ಅಡ್ಡಿಲ್ಲೆ."

ನಮ್ಮ ಕಡೆ ಯಾರಾದರೂ ಏನಾದರೂ ಕೇಳಿದರೆ ಬಾಯಿಗೆ ಬರುವ ಮಾತೇ ಅದು. ಮದುವೆಯ ಊಟ ಹೇಗಿತ್ತು? ಅಡ್ಡಿಲ್ಲೆ. ಆಸ್ಪತ್ರೆಯಲ್ಲಿರುವ ಗಂಡ ಹೇಗಿದ್ದಾನೆ? ಅಡ್ಡಿಲ್ಲೆ. ಅವನು ಸತ್ತ ಮೇಲೆ ನೀನು ಹೇಗಿದ್ದಿ? ಅಡ್ಡಿಲ್ಲೆ. ಇನ್ನು ಹೆಚ್ಚು ಕೇಳಬೇಡ ಮಾರಾಯ್ತಿ ಎಂದು ಅದರ ಅರ್ಥ. ನಾನೂ ಹಾಗೆಯೇ ಅಂದೆ, ಪದ್ದುವೂ ಅಂದಳು. ಮೈಸೂರಿನ ಹುಡುಗಿ ತಲೆಯಾಡಿಸಿ ಮೊಬೈಲಿನಲ್ಲಿ ಒತ್ತಿಕೊಂಡಳು.

ಆ ವಾರ ಕಳೆದು ಸೋಮವಾರ ಬಂದಾಗ ನಮ್ಮ ಮಣೆಗಳಿರಲಿಲ್ಲ. ಎದೆಮಟ್ಟದ ಉದ್ದನೆಯ ಮೇಜುಗಳು ಬಂದಿದ್ದವು. ಗೋಡೆಯ ಮೇಲೆ ಹಲ್ಲು ಬಿಟ್ಟು ನಗುವ ಯಾವಳೋ ಚೆಲುವೆಯ ದೊಡ್ಡ ಚಿತ್ರ, ಅದರ ಕೆಳಗೆ 'ನಿಲ್ಲಿ, ಚುರುಕಾಗಿರಿ, ಆರೋಗ್ಯವಾಗಿರಿ' ಎಂಬ ಬರಹ. ಮಣೆ ಎಲ್ಲಿ ಹೋಯಿತೆಂದು ಬಾಯ್ಲರಿಗೆ ಸೌದೆ ಹಾಕುವ ಗುಡ್ಡನನ್ನು ಕೇಳಿದೆವು. ಅವನು ನಮ್ಮ ಮುಖ ನೋಡಲಿಲ್ಲ.

"ಒಲಿಗ್ ಹಾಕುಕೆ ಹೇಳ್ರ್. ಹಾಕ್ದೆ," ಎಂದ.

"ಫಾರಿನ್ನಂಗೆ ದೊಡ್ ದೊಡ್ ಆಫೀಸಂಗೂ ಈಗ ನಿತ್ಕಂಡೇ ಕೆಲ್ಸ ಮಾಡೂದ್," ಎಂದು ಮಿಥುನ್ ಗಾಜಿನ ಕೋಣೆಯ ಬಾಗಿಲಲ್ಲಿ ನಿಂತು ಹೇಳಿದ.

"ಹಾಂಗಾರೆ ನಿಮ್ ಖುರ್ಚಿ ಎಂತಕ್ಕೆ ಒಲಿಗ್ ಹೋಯ್ಲಿಲ್ಲೆ?" ಎಂದಳು ಪದ್ದು.

"ಬಾಯಿ ಮುಚ್ಚ್, ಬೇವರ್ಸಿ."

ಬೆಳ್ಳಕ್ಕ ಹತ್ತಿರ ಹೋಗಿ ಸೀರೆಯನ್ನು ಮೊಣಕಾಲವರೆಗೆ ಎತ್ತಿ ತೋರಿಸಿದಳು. "ಸಾರ್, ನಂಗ್ ನಿಲ್ಲುಕ್ ಆತಿಲ್ಲೆ."

ಅವನು ಮುಖ ಆಚೆ ತಿರುಗಿಸಿದ. "ಅಡ್ಡಿಲ್ಲೆ ಅಂದೇಳಿ ನೀವೇ ಹೇಳಿರಲೆ. ಮೇಡಂ ಬರ್ಕಂಡಿರ್. ಈಗ ಎಂತ ನಾಟ್ಕ?"

ಹುಡುಗಿಗೆ ಭಾಷೆ ಗೊತ್ತಿರಲಿಲ್ಲ ಅನ್ನೋಣ. ಇವನು ಇಲ್ಲಿಯ ಅನ್ನ ಉಂಡವನಲ್ಲವೇ? ಇವನ ಅಜ್ಜಿಯೂ ಹಾಸಿಗೆ ಹಿಡಿದಾಗ ಹಾಗೆಯೇ ಅಂದಿರಬೇಕು. ನನಗೆ ಮೈಯೆಲ್ಲ ಉರಿಯಿತು. ಬಸ್ಸಿನಲ್ಲಿ ಹೋಗುವಾಗ ಪದ್ದು ಹೇಳಿದಳು, ಇದರಲ್ಲಿ ಏನೋ ಇದೆ ಎಂದು. ನಿಂತರೆ ಗಾಜಿನ ಕೋಣೆಯಿಂದ ಎಲ್ಲರ ಕೈಯೂ ಕಾಣುತ್ತದೆ, ಯಾರೂ ತೂಕಡಿಸುವಂತಿಲ್ಲ, ಕೈಲಾಗದ ಮುದುಕಿಯರು ತಾವಾಗಿಯೇ ಬಿಟ್ಟು ಹೋಗುತ್ತಾರೆ. ಅದರ ಮೇಲೆ ಹೊರದೇಶದ ಗಿರಾಕಿಗಳಿಗೆ ನಮ್ಮ ಆರೋಗ್ಯದ ಫೋಟೋ. ಬೆಳ್ಳಕ್ಕ ಕಿಟಕಿಯ ಹೊರಗೆ ನೋಡುತ್ತ ಕೂತಿದ್ದಳು.

ನಾಲ್ಕೈದು ದಿನ ಅವಳು ಒಂದೇ ಕಾಲಿನ ಮೇಲೆ ಭಾರ ಹಾಕಿ ನಿಂತಳು. ಒಂದು ಮಧ್ಯಾಹ್ನ, ಊಟ ಮುಗಿಸಿ ಬಂದು ಮೇಜಿನ ಮುಂದೆ ನಿಂತಿದ್ದೆವು.

"ಗುಲಾಬಿ, ಕಾಲ್ ಎಂತಕೋ ಬೆಚ್ಚಗ್ ಆತ್ತಲೆ," ಎಂದಳು ಬೆಳ್ಳಕ್ಕ ನನ್ನ ಕಡೆ ತಿರುಗಿ.

ಬಗ್ಗಿ ನೋಡಿದೆ. ಉಬ್ಬಿದ ನರ ಒಡೆದು ರಕ್ತ ಚಿಮ್ಮುತ್ತಿತ್ತು. ಸೀರೆಯ ಅಂಚು, ಚಪ್ಪಲಿ, ನೆಲ ಎಲ್ಲ ಕೆಂಪು. ಅವಳು ಮೇಜು ಹಿಡಿದಳು, ಬೀಜದ ತಟ್ಟೆ ಮಗುಚಿತು, ಅದರ ಮೇಲೆಯೇ ಬಿದ್ದಳು. ನಾನು ತಲೆಗೆ ಕಟ್ಟಿದ ಬಟ್ಟೆ ಬಿಚ್ಚಿ ನರವನ್ನು ಒತ್ತಿ ಹಿಡಿದೆ. ಪದ್ದು ಕಾಲನ್ನು ಮೇಲೆತ್ತಿದಳು. ಮಿಥುನ್ ಓಡಿ ಬಂದ.

"ರಕ್ತ ಮಾಲಿಗ್ ತಾಗಿತ್ತಾ? ಯೇ, ಮೊದ್ಲ್ ಆ ಬೀಜ ಆಚಿಗ್ ತೆಗೀರ್ರ್ಯೆ."

ಶರಣ್ಯಾ ಬ್ಯಾಂಡೇಜು ತಂದಳು. "ಇವರು ಅಡ್ಡಿಯಿಲ್ಲ ಅಂದಿದ್ರಲ್ಲ?" ಎಂದು ನನ್ನನ್ನು ಕೇಳಿದಳು.

"ಅದಕ್ಕೆ ಅರ್ಥ ಹಾಂಗಲ್ಲ, ಮಗಾ."

"ಅದರ ಅರ್ಥ ಮಿಥುನ್ ಸರ್ ಹತ್ರ ಕೇಳಿದ್ದೆ. ಒಪ್ಪಿಗೆ ಅಂತ ಬರ್ಕೊಳ್ಳಿ ಅಂದ್ರು."

ಅವನು ಅಲ್ಲೇ ನಿಂತಿದ್ದ. ಕೇಳಿಸದವನ ಹಾಗೆ ನೆಲದ ಬೀಜ ಎಣಿಸುತ್ತಿದ್ದ.

ಆಮೇಲಿನ ವಾರ ಬೆಳ್ಳಕ್ಕ ಕಾಲಿಗೆ ಬಟ್ಟೆ ಸುತ್ತಿಕೊಂಡು ಕೆಲಸಕ್ಕೆ ಬಂದಳು. ಗೇಟಿನಲ್ಲೇ ತಡೆದರು. ನಾವು ಒಳಗೆ ಹೋಗುವವರು ಅಲ್ಲಿಯೇ ನಿಂತೆವು.

"ನಮ್ಗೆ ನಿಮ್ ಆರೋಗ್ಯ ಮುಖ್ಯ," ಎಂದ ಮಿಥುನ್. "ಪೂರ ಗುಣ ಆಯ್ಲಿ, ಕಡಿಕ್ ಬನ್ನಿ."

"ಇದ್ ಗುಣ ಆಪುದಲ್ಲ ಸಾರ್. ಕೂಕಂಬುಕ್ ಬಿಡಿ, ಇವತ್ತೇ ಮಾಡ್ತೆ."

"ಇಲ್ಲ್ ಕೂಕಂಬುದ್ ಇಲ್ಲೆ. ಮನಿಯಂಗ್ ಹೋಯ್ ಕೂಕಣಿ, ಯಾರ್ ಬ್ಯಾಡ ಅಂತ್ರ್?"

ಅವಳು ಅವನ ಎದುರು ಕೈ ಮುಗಿದಳು. ಅವನು ಗೇಟು ಎಳೆದುಕೊಂಡ. ಅವಳು ಕಾಲೆಳೆಯುತ್ತ ಬಸ್‌ಸ್ಟಾಪಿನ ಕಡೆ ಹೋದಳು. ನಾವು ಒಳಗೆ ಹೋಗಿ ನಿಂತೆವು, ಸಿಪ್ಪೆ ತೆಗೆದೆವು. ಹೇಸಿಗೆಯಾಯಿತು ನನಗೆ.

ಹೊರದೇಶದ ಗಿರಾಕಿಗಳು ಬರುವ ದಿನ ನಮಗೆ ಸೀರೆಯ ಮೇಲೆ ಹಸಿರು ಟೀ ಶರ್ಟು ಹಾಕಿಸಿದರು. ಅಂಗಳದಲ್ಲಿ ಸಾಲಾಗಿ ನಿಲ್ಲಿಸಿ ಮೈಕಿನಲ್ಲಿ ವ್ಯಾಯಾಮ ಹೇಳಿಕೊಡುವ ರೆಕಾರ್ಡು ಹಾಕಿದರು. ಕೈ ಮೇಲೆ, ಕೈ ಕೆಳಗೆ, ಸೊಂಟ ಬಲಕ್ಕೆ, ಸೊಂಟ ಎಡಕ್ಕೆ. ಒಬ್ಬ ಬಿಳಿಯ, ಒಬ್ಬಳು ಬಿಳಿ ಹೆಂಗಸು. ಅವರ ನಡುವೆ ಧಣಿ ಉಮಾನಾಥರು, ಇಸ್ತ್ರಿ ಮುರಿಯದ ಬಿಳಿ ಪ್ಯಾಂಟು. ಕಾರುಗಳು ಬರುತ್ತಿದ್ದುದರಿಂದ ಗೇಟು ತೆರೆದೇ ಇತ್ತು. ಬೆಳ್ಳಕ್ಕ ಆ ಗೇಟಿನಿಂದಲೇ ನಡೆದು ಬಂದಳು. ಯಾರನ್ನೂ ಕೇಳಲಿಲ್ಲ. ಸಾಲಿನೊಳಗೆ ನುಗ್ಗಿ ನನ್ನ ಪಕ್ಕದಲ್ಲಿ ನೆಲದ ಮೇಲೆ ಕೂತಳು.

"ಏಳಿ ಬೆಳ್ಳಕ್ಕ, ಏಳಿ," ಎಂದ ಮಿಥುನ್, ಗಿರಾಕಿಗಳ ಕಡೆ ನಗುತ್ತಲೇ.

"ಏಳೂದಿಲ್ಲೆ."

ನನಗೆ ಹೆದರಿಕೆಯಾಗಿತ್ತು. ಮನೆಯಲ್ಲಿ ದುಡಿಯುವವಳು ನಾನೊಬ್ಬಳೇ. ಆದರೂ ಕೂತೆ. "ನಂಗೂ ಕಾಲ್ ಸೋತಿತ್ತ್," ಎಂದು ಪದ್ದು ಕೂತಳು. ಹಿಂದಿನ ಸಾಲು ಕೂತಿತು, ಅದರ ಹಿಂದಿನದೂ ಕೂತಿತು.

ಬಿಳಿ ಹೆಂಗಸು ಇದೂ ಒಂದು ಆಸನ ಎಂದುಕೊಂಡಳೋ ಏನೋ, ಚಪ್ಪಾಳೆ ತಟ್ಟಿ, ಶೂ ಬಿಚ್ಚಿ ನಮ್ಮೆದುರು ಚಕ್ಕಳಮಕ್ಕಳ ಹಾಕಿ ಕೂತೇಬಿಟ್ಟಳು. ಅವಳ ಜೊತೆಯವನೂ ಕೂತ. ಅತಿಥಿಗಳು ಕೂತ ಮೇಲೆ ಧಣಿ ನಿಂತಿರುವುದು ಹೇಗೆ? ಹೊಟ್ಟೆ ಹಿಡಿದುಕೊಂಡು ಅವರೂ ಧೂಳಿನಲ್ಲಿ ಕೂತರು. ಮೈಕು ಏಳಿ ಎಂದಿತು. ಅವರೆಲ್ಲ ಎದ್ದರು. ನಾವು ಏಳಲಿಲ್ಲ. ಮೈಕು ಮತ್ತೆ ಹೇಳಿತು. ಶರಣ್ಯಾ ಹೋಗಿ ಅದನ್ನು ಆಫ್ ಮಾಡಿದಳು.

ಬಿಳಿ ಹೆಂಗಸು ಧಣಿಯ ಹತ್ತಿರ ಇಂಗ್ಲಿಷಿನಲ್ಲಿ ಏನೋ ಕೇಳಿದಳು. ಧಣಿ ಮಿಥುನನನ್ನು ನೋಡಿದರು. ಮಿಥುನ್ ನನ್ನ ಕಿವಿಯ ಹತ್ತಿರ ಬಗ್ಗಿದ.

"ಎದ್ದೇಳ್, ರಂಡೆ. ಇಲ್ದಿರೆ ನಾಳೆಯಿಂದ ನೀನೂ ಗೇಟಿನ್ ಹೊರಗೆ."

ನಾನು ಬೆಳ್ಳಕ್ಕನ ಬಲಗಾಲನ್ನು ಎತ್ತಿ ನನ್ನ ಮಡಿಲ ಮೇಲೆ, ಗಿರಾಕಿಗಳಿಗೆ ಕಾಣುವ ಹಾಗೆ ಇಟ್ಟುಕೊಂಡೆ. ಸುತ್ತಿದ ಬಟ್ಟೆಯ ತುದಿ ಹುಡುಕಿ ಬಿಚ್ಚತೊಡಗಿದೆ.

"ನಿಧಾನಕ್ಕ್ ಬಿಚ್ಚ್, ಹೆಣೆ," ಎಂದಳು ಬೆಳ್ಳಕ್ಕ. "ಅಂಟ್ಕಂಡಿತ್ತ್."