ಕುಸುಮಾವತಿಯ ನಿಧಾನ

"ಎಂತ ಅಕ್ಕಾ, ನಿದ್ದೆಯಾ ಮಾರಾಯ್ತಿ?" ಪಕ್ಕದ ಯಂತ್ರದಿಂದ ಗುಣವತಿ ಕೇಳಿದಳು. ಕುಸುಮಾವತಿ ತೂತು ಹೊಡೆದ ಕಾರ್ಡುಗಳನ್ನೇ ಇನ್ನೊಮ್ಮೆ ಹೊಡೆದು ತಪ್ಪು ಹುಡುಕುವುದು ಗುಣವತಿಯ ಕೆಲಸ. ಬೆಳಗಿನಿಂದ ಕಾರ್ಡು ಬಾರದೆ ಕೈ ಖಾಲಿ.

"ಸುಮ್ನಿರವಾ. ಬೇಕಂತನ ಹಗೂರ ಹೊಡಿಲಾಕತ್ತೀನಿ."

ನಾಸಿಕದ ಆ ಕಾರ್ಖಾನೆಯಲ್ಲಿ ಕಂಪ್ಯೂಟರ್ ಓದಲೆಂದು ಲೆಕ್ಕಗಳನ್ನು ಕಾರ್ಡಿನಲ್ಲಿ ತೂತಾಗಿ ಹೊಡೆಯುವವರು ಬಹುತೇಕ ಹೆಂಗಸರು. ಕಂಪ್ಯೂಟರ್ ಮುಟ್ಟುವವರೆಲ್ಲ ಗಂಡಸರು. ಔರಂಗಾಬಾದಿಗೆ ಹೊಸ ಕಂಪ್ಯೂಟರ್ ಬರುತ್ತದೆ, ಪ್ರೋಗ್ರಾಂ ಬರೆಯುವುದನ್ನು ಕಲಿಯಲು ಇಲ್ಲಿಂದ ಒಬ್ಬರು ಹೋಗಬೇಕು ಅಂದಾಗ ಮೊದಲು ಹೋಗಿ ಕೇಳಿದವಳು ಕುಸುಮಾವತಿ. ಅಲ್ಲೇ ತವರು, ಮಗುವನ್ನು ಅವ್ವ ನೋಡಿಕೊಂಡಾಳು. ಗಂಡ ಗುರುಲಿಂಗಪ್ಪನೂ ಮೀಸೆಯೊಳಗೇ "ಹೂಂ" ಅಂದಿದ್ದ. ವಿಭಾಗದ ಮುಖ್ಯಸ್ಥ ದಾಮ್ಲೆ ಸಾಹೇಬರು ಮಾತ್ರ ನಕ್ಕುಬಿಟ್ಟರು.

ಆ ನಗುವನ್ನು ಗುಣವತಿ ಮತ್ತೆ ಆಡಿ ತೋರಿಸಿದಳು. ಕನ್ನಡಕ ಮೂಗಿನ ತುದಿಗೆ ಜಾರಿತು, ದನಿ ಗಂಟಲಿಗಿಳಿಯಿತು. "ಅಹೋ ಬಾಯೀ! ತುಮಚೇ ಹಾತ್ ಮ್ಹಣಜೇ ಸೋನಂ! ಇಂಥ ಬಂಗಾರದ ಕೈ ಬಿಟ್ಟುಕೊಟ್ಟರೆ ಪಗಾರದ ಕಾರ್ಡು ಯಾರು ಹೊಡೀತಾರೆ?"

ಕೋಣೆ ಕಿಸಕ್ಕೆಂದಿತು. ಕುಸುಮಾವತಿಗೂ ನಗು ಬಂತು. ಬಂದದ್ದು ತುಟಿಯ ಮೇಲೇ ದಣಿದು ಕೂತಿತು.

ಕೈ ಚುರುಕಾದದ್ದೇ ಅಡ್ಡಿಯಾದರೆ ಚುರುಕು ಬಿಟ್ಟರಾಯಿತು ಅಂದುಕೊಂಡಿದ್ದಳು. ಓಡಿ ರೂಢಿಯಾದ ಬೆರಳುಗಳನ್ನು ತಡೆತಡೆದು ನಡೆಸುವುದೇ ಹೆಚ್ಚಿನ ಪಾಡು. ಮಣಿಕಟ್ಟು ಬಾತು ರೊಟ್ಟಿ ಬಡಿಯಲಾಗದೆ, ಗುರುಲಿಂಗಪ್ಪನೇ ಅನ್ನಕ್ಕಿಡುತ್ತಿದ್ದ.

ತಿಂಗಳ ಕೊನೆಗೆ ಸಾಹೇಬರು ಕರೆಸಿದರು. ಮೇಜಿನ ಬದಿಗೆ ಸುಧಾಕರ ನಿಂತಿದ್ದ. ಹೋದ ವರ್ಷ ಸೇರಿದವನು. ಕಾರ್ಡು ಹೊಡೆಯುವುದನ್ನು ಅವಳ ಪಕ್ಕ ಕೂತೇ ಕಲಿತವನು. ಅವಳನ್ನು ಕಂಡು ನೆಲ ನೋಡಿದ.

"ಇವನು ಹೋಗ್ತಾನೆ, ಬಾಯಿ," ಸಾಹೇಬರು ಮರಾಠಿಯಲ್ಲಿ ಮೆತ್ತಗೆ ಹೇಳಿದರು. "ನಿಮ್ಮನ್ನೇ ಕಳಿಸೋಣ ಅಂತ ನಡುವೆ ಮನಸ್ಸಾಗಿತ್ತು. ಆದರೆ ಈಚೆಗೆ ನಿಮ್ಮ ಕೈ ನಿಧಾನ ಆಗಿದೆ. ಮನೆ, ಮಗು... ಆಗೋದೇ. ಅಲ್ಲಿ ಚುರುಕಾದವರು ಬೇಕು."

"ಸಾಹೇಬ್, ಮೀ..." ನಾನು ಎಂದಷ್ಟಕ್ಕೇ ತಡೆದುಕೊಂಡಳು. ಬೇಕೆಂದೇ ಮಾಡಿದೆ ಅಂದರೆ ಇರುವ ನೌಕರಿಯೂ ಹೋದೀತು.

"ಕಾಯ್?"

"ಕಾಹೀ ನಾಹೀ." ಏನೂ ಇಲ್ಲವೆಂದು ತಲೆಯಾಡಿಸಿ ಹೊರಬಂದಳು.

ವಾಪಸು ಬಂದಾಗ ಗುಣವತಿ ಖುರ್ಚಿ ಎಳೆದುಕೊಟ್ಟಳು. ಪಗಾರದ ಕಾಗದಗಳ ರಾಶಿ ಬಿದ್ದಿತ್ತು. ಕುಸುಮಾವತಿ ಕೂತದ್ದೇ ತಡ, ಬೆರಳುಗಳು ಅವಳನ್ನು ಕೇಳದೆ ಓಡತೊಡಗಿದವು.

ಮಧ್ಯಾಹ್ನದ ಹೊತ್ತಿಗೆ ಯಂತ್ರದಡಿಯ ಡಬ್ಬಿ ತುಂಬಿತು. ಎದ್ದು ಕಸದ ಬುಟ್ಟಿಗೆ ಸುರಿದಳು. ತೂತುಗಳಿಂದ ಉದುರಿದ ಕಾಗದದ ಚೂರುಗಳು ಬೆವರಿದ ಅಂಗೈಗೆ ಅಂಟಿಕೊಂಡವು. ಸೆರಗಿಗೆ ಒರೆಸಿದಳು. ಸೆರಗಿಗೂ ಅಂಟಿದವು.