ತಾಹಾನ ಪಾಲಿನ ನೀರು

ಪಾರ್ಕಿಂಗ್ ಲಾಟಿನಿಂದ ಅಂಗಡಿಯ ಬಾಗಿಲವರೆಗೆ ನಡೆಯುವುದಕ್ಕೂ ಗೊಣಗುತ್ತಿದ್ದ ಮನುಷ್ಯ ಇನಾಯತುಲ್ಲಾ. ಅಂಥವನು ಈಗ ಬೆನ್ನ ಮೇಲೆ ಮೂಟೆಯಷ್ಟು ದೊಡ್ಡ ಚೀಲ ಹೊತ್ತು, ಇದ್ದಿಲಿನಂಥ ಕರಿಬಂಡೆಗಳ ಮೇಲೆ ಮೇಕೆಯ ಹಾಗೆ ಹತ್ತಿ ಹೋಗುತ್ತಿದ್ದ. ಹಿಂದೆ ಏದುಸಿರು ಬಿಡುತ್ತ ಬರುತ್ತಿದ್ದ ಹೆಂಡತಿ ನಸೀಮಾಳಿಗೆ ಅದನ್ನು ನೋಡಿ ನಗು ಬರಬೇಕಿತ್ತು. ಆದರೆ ಆ ಮನೆಯಲ್ಲಿ ನಗು ನಿಂತು ವರ್ಷವಾಗಿತ್ತು.

ಹೋದ ಬೇಸಿಗೆಯಲ್ಲಿ ಅವರ ಒಬ್ಬನೇ ಮಗ ತಾಹಾ ಈ ಮರುಭೂಮಿಗೆ ಹೈಕಿಂಗಿಗೆಂದು ಬಂದವನು ತಿರುಗಿ ಬರಲಿಲ್ಲ. ಮೆನ್ಲೋ ಪಾರ್ಕ್ ಎಂಬ ಊರಿನ ಕಂಪನಿಯೊಂದರಲ್ಲಿ ಕೆಲಸ. ವಾರವಿಡೀ ಸ್ಕ್ರೀನಿನ ಮುಂದೆ ಕೂತು, ರಜೆ ಸಿಕ್ಕಿದರೆ ಸಾಕು, ಕಲ್ಲು ಮಣ್ಣು ಹುಡುಕಿಕೊಂಡು ಹೊರಡುವ ಹುಚ್ಚು. ಕಾರು ದಾರಿಬದಿಯಲ್ಲಿ ಸಿಕ್ಕಿತು, ಕಾರಿನೊಳಗೆ ಫೋನು ಸಿಕ್ಕಿತು, ಅವನು ಸಿಗಲಿಲ್ಲ. ನಾಯಿಗಳು ಬಂದವು, ಹೆಲಿಕಾಪ್ಟರು ಬಂತು, ಮೆತ್ತಗೆ ಮಾತಾಡುವ ಅಧಿಕಾರಿಗಳು ಬಂದರು. ಕೊನೆಗೆ ಎಲ್ಲರೂ ಕೈಚೆಲ್ಲಿದರು. ಕೈಚೆಲ್ಲದವನು ಇನಾಯತುಲ್ಲಾ ಒಬ್ಬನೇ. ಆಗಿನಿಂದ ಬಿಡುವಾದಾಗಲೆಲ್ಲ ಸಾಂಟಾ ಕ್ಲಾರಾದ ಮನೆಯಿಂದ ದಿನವಿಡೀ ಕಾರು ಓಡಿಸಿಕೊಂಡು ಬಂದು, ಮೋಟೆಲಿನಲ್ಲಿ ಮಲಗಿ, ಬೆಳಗಾದರೆ ಈ ಬಂಡೆಗಳಲ್ಲಿ ಅಲೆಯುತ್ತಿದ್ದ.

ನಸೀಮಾ ಅವನ ಜೊತೆ ಬಂದದ್ದು ಇದೇ ಮೊದಲು, ಅದೂ ಹುಡುಕುವುದಕ್ಕಲ್ಲ. ಲಾಸ್ ಆಲ್ಟೋಸಿನಲ್ಲಿರುವ ಅವಳ ತಮ್ಮ ಮುಕರ್ರಮ್ ಒಂದೇ ಮಾತು ಹೇಳಿ ಹೇಳಿ ಅವಳ ತಲೆ ತಿಂದಿದ್ದ. ದೇಹ ಸಿಗದಿದ್ದರೂ ಸತ್ತವರಿಗಾಗಿ ಮಾಡುವ ಜನಾಜಾ ನಮಾಜು ಮಾಡಬಹುದು, ಇಲ್ಲಿನ ಮಸೀದಿಯಲ್ಲಿ ಮಾಡುತ್ತಾರೆ, ಭಾವ ಹೂಂ ಅಂದರೆ ಆಯಿತು. ಮೈಸೂರಿನಲ್ಲಿದ್ದ ಮನೆಯ ಹಿರಿಯರು ಮಾತ್ರ, ಎದುರಿಗೆ ಮಯ್ಯತ್ ಇಲ್ಲದೆ ಜನಾಜಾ ನಮಾಜು ಎಲ್ಲಿಯದು ಎಂದಿದ್ದರು. ಇನಾಯತುಲ್ಲಾ ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡಿದ್ದ. ನಸೀಮಾಳಿಗೆ ಹೊಟ್ಟೆ ಉರಿಯುತ್ತಿತ್ತು. ಬೀದಿಯಲ್ಲಿ ಸತ್ತ ಅನಾಥನಿಗೂ ನಾಲ್ಕು ಜನ ನಿಂತು ನಮಾಜು ಮಾಡುತ್ತಾರೆ, ತನ್ನ ಮಗನಿಗೆ ಅದೂ ಇಲ್ಲವೇ? ಮನೆಯಲ್ಲಿ ಈ ಮಾತೆತ್ತಿದರೆ ಗಂಡ ಎದ್ದು ಹೋಗುತ್ತಿದ್ದ. ಇಲ್ಲಿ ಎದ್ದು ಎಲ್ಲಿಗೆ ಹೋಗುತ್ತಾನೆ ಎಂದುಕೊಂಡು ಬಂದಿದ್ದಳು.

"ಇಲ್ಲಿ ಮೊದಲು ಲಾವಾ ಹರೀತಂತೆ," ಎಂದು ಇನಾಯತುಲ್ಲಾ ನಿಂತು ತೋರಿಸಿದ. "ಅದು ಆರಿ ಕಲ್ಲಾಯ್ತು. ಆಮೇಲೆ ಬೆಟ್ಟದ ಮೇಲಿನ ಐಸೆಲ್ಲ ಕರಗಿ ನದಿ ನುಗ್ತು. ಈ ಗುಳಿಗಳನ್ನ ನೋಡು. ಸುಳೀಲಿ ಸಿಕ್ಕಿದ ಕಲ್ಲು ತಿರುಗಿ ತಿರುಗಿ ಕೊರೆದಿದ್ದು."

ಮನೆಯಲ್ಲಿ ಅವರದು ಉರ್ದು. ಮಗನಿಗೆ ತಿಳಿಯಬಾರದ ಮಾತಿಗೆ ಮಾತ್ರ ಕನ್ನಡ ಎಂದು ಅವನು ಚಿಕ್ಕವನಿದ್ದಾಗಲೇ ಮಾಡಿಕೊಂಡಿದ್ದರು. ಆ ಕಳ್ಳನಿಗೆ ಎಲ್ಲವೂ ತಿಳಿಯುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತಿತ್ತು. ಈಗ ಗಂಡಹೆಂಡಿರ ಮಧ್ಯೆ ಉಳಿದಿದ್ದೇ ಅವನ ಕುರಿತ ಮಾತು, ಹಾಗಾಗಿ ಎಲ್ಲವೂ ಕನ್ನಡದಲ್ಲೇ ನಡೆಯುತ್ತಿತ್ತು.

ಗುಳಿಗಳು ಒರಳಿನ ಹಾಗೆ ನುಣುಪಾಗಿದ್ದವು. ಕೆಲವು ಆಳು ಮುಳುಗುವಷ್ಟು ಆಳ. ಮುಂದೆ ನೆಲ ಥಟ್ಟನೆ ಕಡಿದು ಕೆಳಗಿಳಿದಿತ್ತು. ಒಂದು ಕಾಲಕ್ಕೆ ಜಲಪಾತವಾಗಿದ್ದ ಜಾಗ, ಈಗ ಹನಿ ತೇವವಿಲ್ಲ.

"ಅಷ್ಟು ನೀರು ಎಲ್ಲಿ ಹೋಯ್ತು?" ಎಂದಳು.

"ಹೋಯ್ತು."

ಇಡೀ ನದಿಯನ್ನೇ ನುಂಗಿ ಸುಮ್ಮನಿರುವ ನೆಲ ಒಬ್ಬ ಹುಡುಗನನ್ನು ಹಿಂದಕ್ಕೆ ಕೊಡುತ್ತದೆಯೇ ಎಂದು ಅವಳಿಗೆ ಅನ್ನಿಸಿತು. ಅಲ್ಲಿಯವರೆಗೆ ಅವಳು ದುಃಖಪಟ್ಟಿದ್ದಳು, ಆದರೆ ಇಷ್ಟು ಹೆದರಿರಲಿಲ್ಲ.

ಇನಾಯತುಲ್ಲಾ ಒಂದು ಗುಳಿಯ ಪಕ್ಕ ಮಂಡಿಯೂರಿ ಕೈ ಇಳಿಬಿಟ್ಟ. ನೆರಳಿನಲ್ಲಿ ನೀರಿನ ಬಾಟಲಿಗಳು ಸಾಲಾಗಿ ನಿಂತಿದ್ದವು, ಧೂಳು ಹಿಡಿದು, ಬಿಸಿಲಿಗೆ ಸೊಟ್ಟಗಾಗಿ. ಒಂದೊಂದನ್ನೇ ಎತ್ತಿ, ಕರವಸ್ತ್ರದಿಂದ ಒರೆಸಿ, ಮುಚ್ಚಳ ನೋಡಿ ಮತ್ತೆ ಇಟ್ಟ. ಚೀಲದಿಂದ ಹೊಸದೊಂದನ್ನು ತೆಗೆದು ಪಕ್ಕಕ್ಕೆ ನಿಲ್ಲಿಸಿದ. ಹೀಗೆ ಗುಳಿಯಿಂದ ಗುಳಿಗೆ ನಡೆಯಿತು. ಇವನು ಹುಡುಕುತ್ತಿಲ್ಲ, ಬಡಿಸಿಟ್ಟು ಕಾಯುತ್ತಿದ್ದಾನೆ ಎಂದು ಅವಳಿಗೆ ಆಗ ತಿಳಿಯಿತು.

ಮಧ್ಯಾಹ್ನದ ನಮಾಜಿಗೆ ಅವನು ನೀರು ಮುಟ್ಟಲಿಲ್ಲ. ಒಣ ಮಣ್ಣಿಗೆ ಅಂಗೈ ತಟ್ಟಿ ಮುಖಕ್ಕೂ ಕೈಗೂ ಸವರಿಕೊಂಡ, ನೀರು ಸಿಗದ ದಾರಿಹೋಕರು ಮಾಡುವ ಹಾಗೆ.

"ಚೀಲದ ತುಂಬ ನೀರಿಟ್ಕೊಂಡು ತಯಮ್ಮುಮ್ಮಾ, ರೀ?"

"ಅದು ತಾಹಾಂದು."

ಹೊತ್ತು ಇಳಿಯುವಷ್ಟರಲ್ಲಿ ಅವಳ ಬಾಟಲಿ ಖಾಲಿಯಾಗಿತ್ತು, ನಾಲಿಗೆ ಅಂಟುತ್ತಿತ್ತು. ಕೇಳಿದರೆ, ಕಾರಿನಲ್ಲಿದೆ, ಸ್ವಲ್ಪ ತಡೆದುಕೋ ಎಂದ. ಅವಳು ಗುಳಿಯೊಂದರ ಅಂಚಿನಲ್ಲಿ ಕುಳಿತುಬಿಟ್ಟಳು.

"ಯಾವುದಾದ್ರೂ ಬಾಟ್ಲಿ ತೆರೆದಿತ್ತಾ? ಒಂದಾದ್ರೂ?"

"ಇನ್ನೂ ಈ ಕಡೆ ಬಂದಿರಲ್ಲ ಅವನು."

"ವರ್ಷ ಆಯ್ತು."

ಅವನು ಚೀಲದ ದಾರ ಬಿಗಿಯುತ್ತಿದ್ದ. ನಸೀಮಾ ಗುಳಿಯೊಳಗೆ ಕೈ ಹಾಕಿ, ಎಲ್ಲಕ್ಕಿಂತ ಹಳೆಯದಾದ ಬಾಟಲಿಯನ್ನು ಎತ್ತಿ, ಮುಚ್ಚಳ ತಿರುಚಿದಳು. ಅದು ಚಟಕ್ಕೆಂದಿತು. ಬಿಸಿ ನೀರು, ಪ್ಲಾಸ್ಟಿಕ್ಕಿನ ವಾಸನೆ. ಬಾಯಾರಿಕೆಗೆ ಕುಡಿದಳೋ ಹಟಕ್ಕೆ ಕುಡಿದಳೋ ಅವಳಿಗೇ ಗೊತ್ತಾಗಲಿಲ್ಲ, ಗಟಗಟನೆ ಅರ್ಧ ಕುಡಿದಳು.

ಅವನು ರೇಗುತ್ತಾನೆ ಎಂದುಕೊಂಡಿದ್ದಳು. ಅವನು ರೇಗಲಿಲ್ಲ. ಅವಳ ಗದ್ದದಿಂದ ತೊಟ್ಟಿಕ್ಕುತ್ತಿದ್ದ ನೀರನ್ನು ಬಹಳ ಹೊತ್ತು ನೋಡಿದ. ಆಮೇಲೆ ಕೈ ಚಾಚಿ ಬಾಟಲಿ ತೆಗೆದುಕೊಂಡ. ಉಳಿದ ನೀರಿನಲ್ಲಿ ಕೈ ತೊಳೆದ, ಬಾಯಿ ಮುಕ್ಕಳಿಸಿದ, ಮುಖ ತೊಳೆದ, ಕಾಲು ತೊಳೆದ. ಇಳಿಹೊತ್ತಿನ ಅಸರ್ ನಮಾಜಿಗೆ ಹೊತ್ತಾಯಿತಲ್ಲ, ಕೊನೆಗೂ ನೀರಿನಲ್ಲಿ ವುಜೂ ಮಾಡಿದನಲ್ಲ ಎಂದು ಅವಳಿಗೆ ಕ್ಷಣಕಾಲ ಸಮಾಧಾನವೇ ಆಯಿತು.

ಒಣ ಜಲಪಾತದ ಅಂಚಿನಲ್ಲಿ ಜಾಕೆಟ್ಟು ಹಾಸಿ ಅವನು ಕಿಬ್ಲಾದ ಕಡೆ ಮುಖ ಮಾಡಿ ನಿಂತ. ಕೈಯೆತ್ತಿ ಅಲ್ಲಾಹು ಅಕ್ಬರ್ ಎಂದ. ತುಟಿ ಅಲ್ಲಾಡಿತು. ಇನ್ನು ಬಾಗಬೇಕು ಎಂದು ಅವಳು ನೋಡುತ್ತಿದ್ದಳು. ಬಾಗಲಿಲ್ಲ. ನಿಂತಲ್ಲೇ ಮತ್ತೊಮ್ಮೆ ಅಲ್ಲಾಹು ಅಕ್ಬರ್ ಎಂದ.

ಬಾಗದೆ, ನೆಲಕ್ಕೆ ಹಣೆ ಹಚ್ಚದೆ, ನಿಂತೇ ಮುಗಿಸುವ ನಮಾಜು ಲೋಕದಲ್ಲಿ ಒಂದೇ ಒಂದು. ಅದು ಸತ್ತವರದು.

ನಸೀಮಾ ಅವನ ಹಿಂದೆ ಹೋಗಿ ನಿಲ್ಲಬೇಕಿತ್ತು. ಅದಕ್ಕೇ ಅಲ್ಲವೇ ಇಷ್ಟು ದೂರ ಬಂದದ್ದು. ಕೂತಲ್ಲಿಂದ ಏಳಲಿಲ್ಲ.

"ಬಾಗಿ, ರೀ," ಎಂದಳು ಮೆಲ್ಲಗೆ. "ಒಂದ್ಸಲ ಬಾಗಿ."

ಅವನು ಬಾಗಲಿಲ್ಲ. ಮೂರನೆಯದನ್ನು ಹೇಳಿದ, ನಾಲ್ಕನೆಯದನ್ನು ಹೇಳಿದ. ಬಲಕ್ಕೆ ತಿರುಗಿ ಸಲಾಮು ಹೇಳಿದ, ಎಡಕ್ಕೆ ತಿರುಗಿ ಸಲಾಮು ಹೇಳಿದ. ಆಮೇಲೆ ಜಾಕೆಟ್ಟನ್ನು ಕೊಡವಿ ಮಡಚಿದ.

"ನೀನು ಕೇಳಿದ್ದು ಇದೇ ಅಲ್ವಾ," ಎಂದ. ದನಿಯಲ್ಲಿ ಕೋಪವಿರಲಿಲ್ಲ, ಏನೂ ಇರಲಿಲ್ಲ.

ಅವಳು ಖಾಲಿ ಬಾಟಲಿಯನ್ನು ಎತ್ತಿಕೊಂಡು ಮುಚ್ಚಳ ತಿರುಗಿಸಿದಳು.

"ನೀವು ಒಪ್ಪಲ್ಲ ಅನ್ನೋ ಧೈರ್ಯದಲ್ಲಿ ಕೇಳ್ತಿದ್ದೆ," ಎಂದಳು.