ಖಂಡೇಪೂಜೆಗೆ ಕೂತ ಯಂತ್ರ

ಹುಬ್ಬಳ್ಳಿಯ ಆ ಸಣ್ಣ ಆಸ್ಪತ್ರೆಗೆ ಯಂತ್ರ ಬಂದು ತಿಂಗಳುಗಳಾದರೂ ನರ್ಸುಗಳು ಅದರ ಹೊದಿಕೆ ತೆಗೆದಿರಲಿಲ್ಲ. ರೋಗಿಯ ಎದೆಗೆ ವೈರು ಹಚ್ಚಿದರೆ ಬಡಿತದ ಗೆರೆಗಳು ಟೆಲಿಫೋನ್ ತಂತಿ ಹಿಡಿದು ಬೆಂಗಳೂರಿನ ಡಾಕ್ಟರಿಗೆ ಹೋಗುವಂತಿತ್ತು. ಅವರು ಅಲ್ಲಿಂದಲೇ ಔಷಧಿ ಹೇಳಬಹುದಿತ್ತು. ಏನಾದರೂ ತಪ್ಪಿದರೆ ತಮ್ಮ ಕೊರಳಿಗೇ ಬರುತ್ತದೆಂದು ನರ್ಸುಗಳಿಗೆ ಭಯ.

ಹೆಡ್ ನರ್ಸ್ ಸುಹಾಸಿನಿಗೆ ಬೇರೆಯೇ ಭಯ. ತಾಯಿ ಸಾವಕ್ಕ ಯಂತ್ರವಿದ್ದ ವಾರ್ಡಿನಲ್ಲೇ ಮಲಗಿದ್ದಳು. ಎದೆ ಎರಡು ಸಲ ಕೈಕೊಟ್ಟಿತ್ತು, ಮೂರನೆಯದಕ್ಕೆ ಈ ಯಂತ್ರವೇ ಗತಿ. ಸುಹಾಸಿನಿ ಬೈದಳು, ರಜೆ ಕತ್ತರಿಸಿದಳು, ನರ್ಸ್ ಲಕ್ಷ್ಮಿಯನ್ನು ಎಲ್ಲರೆದುರು ಅಳಿಸಿದಳು. ಆದರೂ ಯಂತ್ರ ನಡೆಸಲು ಕಲಿತವಳು ನರ್ಸ್ ಮೈಮುನಾ ಒಬ್ಬಳೇ.

ಕೊನೆಗೆ ಉಪಾಯ ಹೊಳೆಯಿತು. ಕುಡುಗೋಲಿಗೂ ಕೈಮುಗಿಯುವ ಜನ ಇದಕ್ಕೆ ಮುಗಿಯದೆ ಇರುತ್ತಾರೆಯೇ? ದಸರೆಯಲ್ಲಿ ಆಯುಧಗಳನ್ನು ಪೂಜಿಸುವ ಖಂಡೇಪೂಜೆಯ ಬೆಳಿಗ್ಗೆ ಯಂತ್ರಕ್ಕೆ ವಿಭೂತಿ ಬಿತ್ತು, ಚೆಂಡುಹೂವಿನ ಮಾಲೆ ಬಿತ್ತು, ವೈರುಗಳೆಲ್ಲ ಸುತ್ತಿ ಮಾಲೆಯೊಳಗೆ ಸೇರಿದವು. ಲಕ್ಷ್ಮಿಯೇ ಕಾಯಿ ಒಡೆದಳು. ಸುಹಾಸಿನಿಗೆ ಸ್ವರ್ಗ ಮೂರೇ ಗೇಣು ಉಳಿಯಿತು.

"ಇನ್ನ ಇದು ನಮ್ಮ ಮನಿ ಮಗಳು. ನಾಳಿತನಕಾ ಯಾರೂ ಪೂಜಿ ಕದಡಬ್ಯಾಡ್ರಿ," ಎಂದಳು. ಮೈಮುನಾ ಹತ್ತಿರ ಬಂದಾಗ ನಕ್ಕು, "ನೀ ಅಂತೂ ದೂರ ನಿಂದ್ರವಾ," ಎಂದಳು. ಎಲ್ಲರೂ ನಕ್ಕರು. ತಾಯಿಯ ಹೊದಿಕೆ ಸರಿಮಾಡಿ ಸುಹಾಸಿನಿ ಹೋಳಿಗೆ ಊಟಕ್ಕೆ ಮನೆಗೆ ಹೋದಳು.

ಮಧ್ಯಾಹ್ನ ತಿರುಗಿ ಬಂದಾಗ ಸಾವಕ್ಕನ ಮುಖದ ಮೇಲೆ ಬಟ್ಟೆ ಎಳೆದಿದ್ದರು.

"ಒಮ್ಮಿಗೇ ಬೆವತರ್ರಿ ಅಕ್ಕಾರ," ಲಕ್ಷ್ಮಿ ಬಿಕ್ಕುತ್ತ ಹೇಳಿದಳು. "ನಮ್ಮ ಡಾಕ್ಟರ್ ಹಬ್ಬಕ್ಕ ಹೋಗಿದ್ರು. ನಿಮ್ಮ ಮನಿ ಫೋನೂ ಹತ್ತಲಿಲ್ಲ. ಮೈಮುನಾ ಮಾಲಿ ತಗ್ಯಾಕ ಹೋದ್ಲು, ನಾವ ಕೈ ಹಿಡಿದ್ವಿ. ನೀವು ಹೇಳಿದ್ರಲ್ರಿ? ಪೂಜಿ ಒಂದಿಷ್ಟೂ ಕದಡಿಲ್ರಿ."

ಮಾಲೆ ನಿಜಕ್ಕೂ ಹಾಗೇ ಇತ್ತು, ಒಂದು ಹೂವೂ ಉದುರಿರಲಿಲ್ಲ. ಮೈಮುನಾ ಗೋಡೆಗೆ ಆತು ನಿಂತಿದ್ದಳು. ಅವಳ ಮುಂಗೈಯಲ್ಲಿ ಬಳೆ ಒಡೆದ ಗಾಯ. ಸುಹಾಸಿನಿಗೆ ಯಾರ ಕೆನ್ನೆಗೆ ಹೊಡೆಯಬೇಕೋ ತಿಳಿಯಲಿಲ್ಲ, ತನ್ನದೊಂದೇ ಉಳಿದಿತ್ತು.

ಹಬ್ಬ ಮುಗಿದ ಮೇಲೆ ಯಂತ್ರ ಮಾರಿದ ಕಂಪನಿಯ ಶಶಿಕಾಂತ ಬೆಂಗಳೂರಿನಿಂದ ಫೋನ್ ಮಾಡಿದ. "ಮೇಡಂ, ನಿಮ್ಮ ನರ್ಸುಗಳು ಕೊನೆಗೂ ಒಪ್ಪಿಕೊಂಡರಾ?"

"ಒಪ್ಯಾರ್ರಿ," ಎಂದಳು ಸುಹಾಸಿನಿ. "ಭಾಳ ಛಲೋ ಒಪ್ಯಾರ."